ಪಾವಗಡದ ದೂಳನ್ನು ಅಳೆಯಲು ಹೊರಟ ನನ್ನ ಅನುಭವ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಬಿಸಿಲಿನ ಪಾಠವನ್ನು ಪುಸ್ತಕದಿಂದ ಆರಂಭಿಸುವ ಅಗತ್ಯ ಎಂದೂ ಬಿದ್ದಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿಕೊಂಡಿದೆ. ಅದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಇಡೀ ಪಾರ್ಕ್ ಪೂರ್ಣಗೊಂಡಿತು. ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಸುವ ಕರಾರಿನ ಮೇಲೆ ಗುತ್ತಿಗೆಗೆ ಪಡೆದಿರುವುದರಿಂದ, ನನ್ನ ತರಗತಿಯಲ್ಲಿ ಕುಳಿತ ಕೆಲವು ಮಕ್ಕಳ ಕಾಲೇಜು ಶುಲ್ಕ ಆ ಗುತ್ತಿಗೆಯ ಹಣದಿಂದಲೇ ಬರುತ್ತದೆ.

ಪ್ರಶ್ನೆ ಹುಟ್ಟಿದ್ದು ಮಾತ್ರ ಪಾರ್ಕಿನಿಂದಲ್ಲ, ಒಬ್ಬ ವಿದ್ಯಾರ್ಥಿನಿಯ ಹೊಲದಿಂದ. ಅವರ ಮನೆಯವರು ಕೊಳವೆಬಾವಿಗೆ ಸೌರ ಪಂಪ್‌ಸೆಟ್ ಹಾಕಿಸಿಕೊಂಡಿದ್ದರು. ಕಡಲೆಕಾಯಿ ಕಿತ್ತು ಒಕ್ಕಣೆ ಮಾಡುವ ದಿನಗಳಲ್ಲಿ ನೀರು ಕಡಿಮೆ ಬರುತ್ತದೆ ಎಂದು ಅವಳ ತಂದೆ ಹೇಳುತ್ತಿದ್ದರಂತೆ. "ಸಾರ್, ಪ್ಯಾನೆಲ್ ಮೇಲೆ ದೂಳು ಕೂತ್ರೆ ಎಷ್ಟು ಕರೆಂಟು ಕಡಿಮೆ ಆಗುತ್ತೆ?" ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬೇರೆ ಊರುಗಳ ಅಂಕಿಗಳನ್ನು ಹೇಳಬಹುದಿತ್ತು, ಆದರೆ ದೂಳು ಊರಿನಿಂದ ಊರಿಗೆ ಬೇರೆ. ನಮ್ಮ ಊರಿನ ದೂಳನ್ನು ನಾವೇ ಅಳೆಯೋಣ ಎಂದು ಹೊರಟೆವು.

ಏನನ್ನು ಅಳೆಯಬೇಕು ಎಂಬುದನ್ನು ತೀರ್ಮಾನಿಸುವುದೇ ಮೊದಲ ಕೆಲಸವಾಯಿತು. ಫಲಕ ಕೊಡುವ ವಾಟ್‌ಗಳನ್ನು ಅಳೆದರೆ ಸಾಕು ಎಂದು ಮಕ್ಕಳು ಭಾವಿಸಿದ್ದರು. ಆದರೆ ಸಿಲಿಕಾನ್ ಫಲಕದ ಮೇಲೆ ಬರೆದಿರುವ ಸಾಮರ್ಥ್ಯ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಮೇಲೇರುವ ಪ್ರತಿಯೊಂದು ಡಿಗ್ರಿಗೂ ಶಕ್ತಿ ಸುಮಾರು ಶೇಕಡಾ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ಬರೀ ಕಾವಿನಿಂದಲೇ ಶೇಕಡಾ 14ರಷ್ಟು ಹೋಗಿರುತ್ತದೆ, ಅದರೊಳಗೆ ದೂಳಿನ ಪಾಲನ್ನು ಹುಡುಕುವುದು ಕಷ್ಟ. ಫಲಕದ ಎರಡು ತುದಿಗಳನ್ನು ನೇರವಾಗಿ ಕೂಡಿಸಿದಾಗ ಹರಿಯುವ ಶಾರ್ಟ್ ಸರ್ಕ್ಯೂಟ್ ವಿದ್ಯುತ್ಪ್ರವಾಹವಾದರೋ ಬೀಳುವ ಬೆಳಕಿಗೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ ಮತ್ತು ಕಾವಿಗೆ ಡಿಗ್ರಿಗೆ ಶೇಕಡಾ 0.05ರಷ್ಟು ಮಾತ್ರ ಬದಲಾಗುತ್ತದೆ. ಆದ್ದರಿಂದ 10 ವಾಟ್‌ನ ಎರಡು ಫಲಕಗಳನ್ನು ಪಕ್ಕಪಕ್ಕದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶಕ್ಕೆ ಸರಿಯಾಗಿ 14 ಡಿಗ್ರಿ ಓರೆಯಲ್ಲಿ ಕಾಲೇಜಿನ ತಾರಸಿಯ ಮೇಲೆ ನಿಲ್ಲಿಸಿದೆವು. ಒಂದನ್ನು ದಿನವೂ ತೊಳೆಯುವುದು, ಇನ್ನೊಂದನ್ನು ಮುಟ್ಟದೆ ಬಿಡುವುದು, ಎರಡರ ಪ್ರವಾಹಗಳ ಅನುಪಾತವನ್ನು ಬರೆದಿಡುವುದು ಎಂದು ನಿಶ್ಚಯಿಸಿದೆವು.

ಅಳೆಯುವ ಸಾಧನದಲ್ಲಿ ನಾನು ಮೊದಲು ಎಡವಿದೆ. ಪ್ರತಿ ಫಲಕಕ್ಕೂ 0.1 ಓಮ್‌ನ ಒಂದು ರೋಧಕವನ್ನು ಜೋಡಿಸಿದ್ದೆ. ತುಂಬು ಬಿಸಿಲಿನಲ್ಲಿ ಫಲಕದಿಂದ ಸುಮಾರು 0.6 ಆಂಪಿಯರ್ ಹರಿಯುವಾಗ ಅದರ ಮೇಲೆ ಸಿಗುವುದು 60 ಮಿಲಿವೋಲ್ಟ್. ಪ್ರಯೋಗಾಲಯದಲ್ಲಿದ್ದ, ಅಂಕಿಗಳನ್ನು ಓದಿಕೊಳ್ಳುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಒಡೆಯುತ್ತದೆ, ಒಂದು ಮೆಟ್ಟಿಲು ಎಂದರೆ ಸುಮಾರು 4.9 ಮಿಲಿವೋಲ್ಟ್. ಹೀಗಾಗಿ ನಡುಹಗಲಿನ ಪೂರ್ತಿ ಬಿಸಿಲು ಹನ್ನೆರಡೇ ಮೆಟ್ಟಿಲುಗಳಲ್ಲಿ ಮುಗಿದುಹೋಗುತ್ತಿತ್ತು, ಒಂದೊಂದು ಮೆಟ್ಟಿಲೂ ಶೇಕಡಾ 8ರಷ್ಟು ದೊಡ್ಡದಾಗಿತ್ತು. ದಿನಕ್ಕೆ ಶೇಕಡಾ ಒಂದನ್ನೂ ಮುಟ್ಟದ ಬದಲಾವಣೆಯನ್ನು ಇದರಲ್ಲಿ ಹಿಡಿಯಲು ಹೊರಡುವುದು ಕಡಲೆಕಾಯಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಎಡಿಎಸ್1115 ಎಂಬ 16 ಬಿಟ್‌ಗಳ ಚಿಪ್ ತರಿಸಿ, ಅದರ ಅತಿ ಚಿಕ್ಕ ವ್ಯಾಪ್ತಿಯಾದ 0.256 ವೋಲ್ಟ್‌ಗೆ ಹೊಂದಿಸಿದ ಮೇಲೆ ಮೆಟ್ಟಿಲಿನ ಗಾತ್ರ 7.8 ಮೈಕ್ರೋವೋಲ್ಟ್‌ಗೆ ಇಳಿಯಿತು.

ಇನ್ನೊಂದು ತೊಡಕು ಮೋಡದ್ದು. ನಾನು ಬರೆದ ಪ್ರೋಗ್ರಾಂ ಒಂದು ಫಲಕವನ್ನು ಓದಿ, ಎಸ್‌ಡಿ ಕಾರ್ಡಿಗೆ ಬರೆದು, ಆಮೇಲೆ ಎರಡನೆಯದನ್ನು ಓದುತ್ತಿತ್ತು. ಆ ಕೆಲವು ಕ್ಷಣಗಳಲ್ಲಿ ಮೋಡದ ಅಂಚು ಹಾದುಹೋದರೆ ಅನುಪಾತ ಎತ್ತೆತ್ತಲೋ ಹಾರುತ್ತಿತ್ತು. ಎರಡನ್ನೂ ಒಂದರ ಬೆನ್ನಿಗೆ ಒಂದು ಓದಿ ಆಮೇಲೆ ಬರೆಯುವಂತೆ ತಿದ್ದಿದೆ. ದಿನದ ಅಂಕಿಗೆ ಸರಾಸರಿಯ ಬದಲು ಮಧ್ಯಾಂಕವನ್ನು ತೆಗೆದುಕೊಳ್ಳತೊಡಗಿದ ಮೇಲೆ ಒಂದೆರಡು ಹುಚ್ಚು ಅಂಕಿಗಳು ಇಡೀ ದಿನವನ್ನು ಕೆಡಿಸುವುದೂ ನಿಂತಿತು.

ಯಾವ ಹೊತ್ತಿನ ಅಂಕಿ ಎಂಬುದೂ ಮುಖ್ಯ. ಬೆಳಿಗ್ಗೆ ಬೆಳಕು ಗಾಜಿನ ಮೇಲೆ ಓರೆಯಾಗಿ ಬೀಳುವಾಗ ಅದೇ ದೂಳು ಹೆಚ್ಚು ಬೆಳಕನ್ನು ತಡೆಯುತ್ತದೆ, ಆದ್ದರಿಂದ ನಡುಹಗಲಿನ ಆಚೀಚಿನ ಒಂದು ಗಂಟೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು. ಆದರೆ ಗಡಿಯಾರದ ಹನ್ನೆರಡು ಪಾವಗಡದ ನಡುಹಗಲಲ್ಲ. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ ರೇಖಾಂಶದಲ್ಲಿದೆ, ನಾವು 77.3ರ ಹತ್ತಿರ ಇದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ 21 ನಿಮಿಷ ತಡ. ಭೂಮಿಯ ಕಕ್ಷೆ ಮತ್ತು ಅಕ್ಷದ ಓರೆಯಿಂದಾಗುವ ವ್ಯತ್ಯಾಸವನ್ನೂ ಸೇರಿಸಿದರೆ ನವೆಂಬರ್ ಮೊದಲ ವಾರ 12 ಗಂಟೆ 5 ನಿಮಿಷದ ಸುಮಾರಿಗೆ ಬರುವ ನಡುಹಗಲು ಫೆಬ್ರವರಿ ಮಧ್ಯದಲ್ಲಿ 12 ಗಂಟೆ 35ಕ್ಕೆ ಜಾರುತ್ತದೆ. ಈ ಲೆಕ್ಕವನ್ನು ಮಕ್ಕಳು ಕೋಲಿನ ನೆರಳನ್ನು ಅಳೆದು ತಾವೇ ಪರೀಕ್ಷಿಸಿದ ದಿನ ನನಗೆ ಆದ ಸಂತೋಷ ಇಡೀ ಪ್ರಯೋಗದಲ್ಲಿ ಮತ್ತೆ ಆಗಿಲ್ಲ ಎಂದೇ ಹೇಳಬೇಕು.

ಎರಡು ಫಲಕಗಳು ಒಂದೇ ಕಂಪನಿಯವಾದರೂ ತದ್ರೂಪವಲ್ಲ. ಮೊದಲ ಎರಡು ವಾರ ಎರಡನ್ನೂ ತೊಳೆದು, ಜಾಗ ಅದಲುಬದಲು ಮಾಡಿ, ಅವುಗಳ ಹುಟ್ಟು ಅನುಪಾತವನ್ನು ಗುರುತು ಹಾಕಿಕೊಂಡೆವು. ಜನವರಿಯಲ್ಲಿ ನಿಜವಾದ ಅಳತೆ ಆರಂಭವಾಯಿತು. ದಿನವೂ ಬೆಳಿಗ್ಗೆ ಸರದಿಯ ಪ್ರಕಾರ ಒಬ್ಬ ವಿದ್ಯಾರ್ಥಿ ತಾರಸಿಯ ನಲ್ಲಿಯಿಂದ ಒಂದು ಮಗ್ಗು ನೀರು ಹಿಡಿದು ಒಂದು ಫಲಕವನ್ನು ತೊಳೆದು ಬರುತ್ತಿದ್ದ. ಅನುಪಾತ ಮೊದಲ ವಾರಗಳಲ್ಲಿ ಸಮನಾಗಿ ಇಳಿಯಿತು, ಮಾರ್ಚ್ ಹೊತ್ತಿಗೆ ಇಳಿತ ನಿಧಾನವಾಯಿತು, ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ಸಪಾಟಾಯಿತು. ಬೇಸಿಗೆಯ ಗಾಳಿ ಎಷ್ಟು ದೂಳನ್ನು ತಂದು ಸುರಿಯುತ್ತದೋ ಅಷ್ಟನ್ನು ಒಯ್ಯುತ್ತಲೂ ಇರಬೇಕು ಎಂದು ನಾನು ವಿವರಣೆ ಕೊಟ್ಟೆ. ಆ ವಿವರಣೆ ತರ್ಕಬದ್ಧವಾಗಿತ್ತು, ಹಲಗೆಯ ಮೇಲೆ ಚೆನ್ನಾಗಿಯೂ ಕಾಣಿಸಿತು, ಮಕ್ಕಳು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಭರಣಿ ಮಳೆ ಬಂದು ಅದನ್ನು ಅಳಿಸಿತು. ಒಂದು ರಾತ್ರಿ ಜೋರಾಗಿ ಹೊಡೆದ ಮಳೆಯಲ್ಲಿ ನಾಲ್ಕು ತಿಂಗಳ ದೂಳೆಲ್ಲ ತೊಳೆದುಹೋಯಿತು. ಅನುಪಾತ ಜನವರಿಯ ಗುರುತಿಗೆ ಮರಳಬೇಕಿತ್ತು; ಮರಳಲಿಲ್ಲ, ಅದನ್ನು ದಾಟಿ ಮೇಲೆ ಹೋಯಿತು. ನಾಲ್ಕು ತಿಂಗಳು ಯಾರೂ ಮುಟ್ಟದ ಫಲಕ ದಿನವೂ ತೊಳೆದ ಫಲಕಕ್ಕಿಂತ ಹೆಚ್ಚು ಪ್ರವಾಹ ಕೊಡುತ್ತಿತ್ತು. ತಂತಿಯ ತುದಿಗಳಿಗೆ ತೇವ ಹಿಡಿದಿರಬೇಕೆಂದು ಉಜ್ಜಿದೆ, ರೋಧಕಗಳನ್ನು ಅದಲುಬದಲು ಮಾಡಿದೆ, ಚಿಪ್ಪಿನ ದಾರಿಗಳನ್ನೂ ಬದಲಿಸಿ ನೋಡಿದೆ. ಎರಡು ದಿನ ಕಳೆದರೂ ಅಂಕಿ ಕದಲಲಿಲ್ಲ.

ಆ ವಿದ್ಯಾರ್ಥಿನಿಯ ತಾಯಿ ಮಗಳ ಅಂಕಪಟ್ಟಿಗೆಂದು ಕಾಲೇಜಿಗೆ ಬಂದವರು, ಮಗಳು ಹೇಳಿದ್ದನ್ನೆಲ್ಲ ಕೇಳಿ, "ಸಾರ್, ಬೋರ್ ನೀರಲ್ವಾ ಹಾಕ್ತಿರೋದು? ನಮ್ಮ ಹಂಡೆ ಒಳಗೆ ಬಗ್ಗಿ ನೋಡಿ, ಹೆಂಗೆ ಸುಣ್ಣ ಕಟ್ಟಿದೆ" ಎಂದರು. ನಾನು ತಾರಸಿಗೆ ಹೋಗಿ ತೊಳೆದ ಫಲಕದ ಗಾಜನ್ನು ಮೊದಲ ಬಾರಿಗೆ ಓರೆಯಾಗಿ ನೋಡಿದೆ. ನೇರವಾಗಿ ನಿಂತು ನೋಡಿದರೆ ನಿರ್ಮಲವಾಗಿ ಕಾಣುತ್ತಿದ್ದ ಗಾಜಿನ ಮೇಲೆ ತೆಳುವಾದ ಬಿಳಿ ಪೊರೆ ಹಬ್ಬಿತ್ತು. ಕೆಳಗಿನ ಅಂಚಿನಲ್ಲಿ ಒಂದರೊಳಗೊಂದು ಉಂಗುರಗಳಂತೆ ಹನಿಗಳ ಗುರುತುಗಳಿದ್ದವು. ಅಲ್ಲಿ ನಿಂಬೆರಸ ಹಾಕಿದಾಗ ಸಣ್ಣ ಗುಳ್ಳೆಗಳು ಎದ್ದವು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಆರುವಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ ರಸಾಯನ ಇದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣಗಳಿಗೆ ಲೀಟರಿಗೆ 500 ಮಿಲಿಗ್ರಾಂ ಒಪ್ಪಿತ ಮಿತಿ. ತಾರಸಿಯ ನಲ್ಲಿಯ ನೀರಿಗೆ ಮೀಟರ್ ಇಟ್ಟಾಗ ಅದರ ಎರಡರಷ್ಟನ್ನೂ ಮೀರಿತು. ಫ್ಲೋರೈಡಿನ ಕಾರಣದಿಂದ ಇದೇ ನೀರನ್ನು ಕುಡಿಯಬೇಡಿ ಎಂದು ಮಕ್ಕಳಿಗೆ ಹೇಳಿಕೊಂಡು ಬಂದ ನಾನು, ಅದನ್ನು ಗಾಜಿಗೆ ಹಾಕುವಾಗ ಒಮ್ಮೆಯೂ ಯೋಚಿಸಿರಲಿಲ್ಲ.

ಹಾಗಾದರೆ ಮಾರ್ಚ್, ಏಪ್ರಿಲ್‌ನಲ್ಲಿ ರೇಖೆ ಸಪಾಟಾದದ್ದು ಗಾಳಿ ದೂಳನ್ನು ಒಯ್ದದ್ದರಿಂದಲ್ಲ. ಒಂದು ಫಲಕ ದೂಳಿನಿಂದ ಮಸುಕಾಗುತ್ತಿದ್ದಾಗ, ಅಳತೆಗೋಲಾಗಿ ಇಟ್ಟ ಫಲಕವೂ ಸುಣ್ಣದಿಂದ ಮಸುಕಾಗುತ್ತಾ ಬಂದು, ಎರಡು ನಷ್ಟಗಳು ಒಂದನ್ನೊಂದು ಮುಚ್ಚಿಹಾಕಿದ್ದವು. ಇದನ್ನು ಖಚಿತಪಡಿಸಿಕೊಳ್ಳಲು ಎರಡು ಗಾಜಿನ ಸ್ಲೈಡುಗಳನ್ನು ತೆಗೆದುಕೊಂಡು, ಒಂದನ್ನು ನಲ್ಲಿ ನೀರಿನಲ್ಲಿಯೂ ಇನ್ನೊಂದನ್ನು ರಸಾಯನಶಾಸ್ತ್ರ ವಿಭಾಗದ ಬಟ್ಟಿ ಇಳಿಸಿದ ನೀರಿನಲ್ಲಿಯೂ ಅದ್ದಿ ಬಿಸಿಲಿನಲ್ಲಿ ಆರಿಸುವುದನ್ನು ಮೂವತ್ತು ಬಾರಿ ಮಾಡಿದೆವು. ಒಂದು ಪುಟ್ಟ ಸೌರಕೋಶದ ಮೇಲೆ ಅವನ್ನು ಸರದಿಯಾಗಿ ಇಟ್ಟು ನೋಡಿದಾಗ ಮೊದಲ ಸ್ಲೈಡು ತಡೆಯುವ ಬೆಳಕು ಮೀಟರಿನಲ್ಲಿ ಸ್ಪಷ್ಟವಾಗಿ ಕಾಣಿಸಿತು.

ನಾಲ್ಕು ತಿಂಗಳ ಅಂಕಿಗಳನ್ನು ಏನು ಮಾಡಬೇಕೆಂಬುದು ಕಠಿಣವಾದ ಪ್ರಶ್ನೆಯಾಗಿತ್ತು. ಸುಣ್ಣ ದಿನಕ್ಕೆ ಇಷ್ಟಿಷ್ಟು ಎಂದು ಸಮನಾಗಿ ಬೆಳೆಯಿತು ಎಂದುಕೊಂಡು ತಿದ್ದುಪಡಿ ಹಾಕಬಹುದಲ್ಲ ಎಂದು ಇಬ್ಬರು ಮಕ್ಕಳು ಸೂಚಿಸಿದರು. ಆದರೆ ಸುಣ್ಣ ಎಷ್ಟು ಕಟ್ಟಿತು ಎಂಬುದು ಅಂದು ಎಷ್ಟು ನೀರು ಗಾಜಿನ ಮೇಲೆ ಉಳಿಯಿತು, ಯಾರು ಬಟ್ಟೆಯಲ್ಲಿ ಒರೆಸಿದರು, ಯಾರು ಹಾಗೆಯೇ ಬಿಟ್ಟು ತರಗತಿಗೆ ಓಡಿದರು ಎಂಬುದನ್ನು ಅವಲಂಬಿಸಿತ್ತು, ಅದನ್ನು ನಾವು ಬರೆದಿಟ್ಟಿರಲಿಲ್ಲ. ಬರೆದಿಡದ ಸಂಗತಿಯ ಮೇಲೆ ತಿದ್ದುಪಡಿ ಕಟ್ಟಿದರೆ ಅದು ಅಳತೆಯಲ್ಲ, ಊಹೆ. ಆ ಪುಟಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕಾರಣ ಬರೆದು, ಹರಿಯದೆ ಹಾಗೆಯೇ ಇಟ್ಟುಕೊಂಡೆವು.

ಮುಂದಿನ ಜನವರಿಯಿಂದ ಕ್ರಮ ಬದಲಾಯಿತು. ತೊಳೆಯಲು ಮಳೆಗಾಲದಲ್ಲಿ ಹಿಡಿದಿಟ್ಟ ನೀರು, ಅದು ಮುಗಿದಾಗ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು. ತೊಳೆಯುವುದು ಬಿಸಿಲು ಏರುವ ಮೊದಲು, ತೊಳೆದ ಕೂಡಲೇ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸುವುದು. ಜೊತೆಗೆ ಮೂರನೆಯ ಫಲಕವೊಂದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಭಾನುವಾರ ನಡುಹಗಲಿನಲ್ಲಿ ಅರ್ಧ ಗಂಟೆ ಮಾತ್ರ ತೆರೆದು, ತೊಳೆದ ಫಲಕ ನಿಜವಾಗಿಯೂ ತೊಳೆದಂತೆ ಇದೆಯೇ ಎಂದು ಪರೀಕ್ಷಿಸಿದೆವು. ಈ ಬಾರಿಯ ರೇಖೆ ಏಪ್ರಿಲ್‌ನಲ್ಲೂ ಇಳಿಯುತ್ತಲೇ ಹೋಯಿತು, ಮಳೆಯ ನಂತರ ಹುಟ್ಟು ಅನುಪಾತಕ್ಕೆ ಸರಿಯಾಗಿ ಬಂದು ನಿಂತಿತು.

ಫಲಕದ ಪಕ್ಕದಲ್ಲಿ ಅದೇ ಓರೆಯಲ್ಲಿಟ್ಟ ಸ್ಲೈಡುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವ ಕೆಲಸವನ್ನು ಜೀವಶಾಸ್ತ್ರದ ಸಹೋದ್ಯೋಗಿಯೊಬ್ಬರು ವಹಿಸಿಕೊಂಡರು. ಚೂಪು ಅಂಚುಗಳ ಮರಳ ಕಣಗಳು, ಹೊಗೆಯ ಮಸಿ, ಪರಾಗ ಇವುಗಳ ನಡುವೆ, ಚಳಿಗಾಲದ ಸ್ಲೈಡುಗಳಲ್ಲಿ ಶಿಲೀಂಧ್ರದ ಎಳೆಗಳೂ ಕಂಡವು. ಮುಂಜಾನೆ ಇಬ್ಬನಿ ಬಿದ್ದ ದಿನಗಳಲ್ಲಿ ದೂಳು ಒದ್ದೆಯಾಗಿ, ಬಿಸಿಲಿಗೆ ಒಣಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಅಂಥ ದೂಳನ್ನು ಬರಿಯ ಗಾಳಿ ಒಯ್ಯಲಾರದು. ಸಣ್ಣ ತುಂತುರು ಮಳೆಯೂ ಒಳ್ಳೆಯದನ್ನು ಮಾಡಲಿಲ್ಲ, ಮೇಲಿನ ದೂಳನ್ನೆಲ್ಲ ಕೆಳಗಿನ ಚೌಕಟ್ಟಿಗೆ ಇಳಿಸಿ ಅಲ್ಲಿ ಕೆಸರಿನ ಗೆರೆ ಎಳೆಯಿತು. ನಮ್ಮ ಚಿಕ್ಕ ಫಲಕದಲ್ಲಿ 36 ಕೋಶಗಳು ಒಂದೇ ಸರಣಿಯಲ್ಲಿರುವುದರಿಂದ ಒಂದು ಕೋಶ ಮುಚ್ಚಿದರೂ ಇಡೀ ಫಲಕದ ಪ್ರವಾಹ ಕುಸಿಯುತ್ತದೆ. ಹಕ್ಕಿ ಹಿಕ್ಕೆ ಬಿದ್ದ ದಿನಗಳನ್ನು ಇದೇ ಕಾರಣಕ್ಕೆ ಬೇರೆ ಕಾಲಂನಲ್ಲಿ ಬರೆದೆವು, ದೂಳಿನ ಲೆಕ್ಕಕ್ಕೆ ಸೇರಿಸಲಿಲ್ಲ.

ಆ ವಿದ್ಯಾರ್ಥಿನಿಯ ತಂದೆ ನಮ್ಮ ಎರಡು ರೇಖೆಗಳನ್ನೂ ನೋಡಿದ ಮೇಲೆ ಪಂಪ್‌ಸೆಟ್ಟಿನ ಫಲಕಗಳಿಗೆ ಪೈಪಿನಿಂದ ಬೋರ್ ನೀರು ಹಾರಿಸುವುದನ್ನು ಬಿಟ್ಟು, ಶೆಡ್ಡಿನ ತಗಡಿನಿಂದ ಇಳಿಯುವ ಮಳೆ ನೀರಿಗೆ ಒಂದು ಡ್ರಮ್ ಇಟ್ಟಿದ್ದಾರೆ. ಆದರೆ ಡ್ರಮ್ಮಿನ ನೀರು ಬೇಸಿಗೆ ಮುಗಿಯುವವರೆಗೆ ಬರುವುದಿಲ್ಲ. "ಬೋರ್ ನೀರೇ ಹಾಕಿ ತಕ್ಷಣ ಒರೆಸಿದ್ರೆ ಸಾಕಾಗಲ್ವಾ ಸಾರ್?" ಎಂದು ಅವರು ಕೇಳಿದ್ದಾರೆ. ಈ ಜನವರಿಯಿಂದ ತಾರಸಿಯ ಮೇಲೆ ನಾಲ್ಕನೆಯ ಫಲಕವೊಂದು ಅದಕ್ಕಾಗಿಯೇ ನಿಂತಿದೆ. ಅದಕ್ಕೆ ಹಾಕುವ ನೀರನ್ನು ಅಳೆದು ಹಾಕುತ್ತೇವೆ, ಯಾರು ಒರೆಸಿದರು, ಎಷ್ಟು ನಿಮಿಷಕ್ಕೆ ಒರೆಸಿದರು ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತೇವೆ.