ಹಳೇ ಪ್ರೈಮಸ್ 96 ಸ್ಟೌ: ಗುರುತು ಹಿಡಿದಿದ್ದು, ಮತ್ತೆ ಹಚ್ಚಿದ್ದು

ನಮ್ ಕಡೆ ಮನೆಮನೇಲೂ ಭರ್ರ್ ಅಂತ ಉರೀತಿದ್ದ ಸೀಮೆಎಣ್ಣೆ ಪಂಪ್ ಸ್ಟೌನ ಮೂಲ ಈ ಪ್ರೈಮಸ್ಸು, 1892ರಲ್ಲಿ ಸ್ಟಾಕ್‌ಹೋಮಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನೋ ಮೆಕ್ಯಾನಿಕ್ ಮಾಡಿದ್ದು. ನಾನೀಗ ಇರೋದು ಅದೇ ಊರಲ್ಲಿ. ಇಲ್ಲಿನ ಹಳೇ ಸಾಮಾನಿನ ಸಂತೇಲಿ ತಗಡಿನ ಡಬ್ಬಿ ಒಳಗೆ ಬಿಡಿಬಿಡಿಯಾಗಿ ಇಟ್ಟಿದ್ದ ಪುಟಾಣಿ ಹಿತ್ತಾಳೆ ಸ್ಟೌ ಕಣ್ಣಿಗೆ ಬಿತ್ತು, ಬಿಟ್ಟು ಬರಕ್ಕಾಗ್ಲಿಲ್ಲ. ವಿಡಿಯೋ ಕಾಲಲ್ಲಿ ತೋರಿಸಿದ್ರೆ ಅಮ್ಮ "ಅಯ್ಯೋ, ದುಡ್ಡು ಕೊಟ್ಟು ತಂದ್ಯೇನೋ ಇದನ್ನ? ನಮ್ದು ಅಟ್ಟದ ಮೇಲೇ ಇತ್ತಲ್ಲೋ, ಗುಜರಿಗೆ ಹಾಕಿದ್ವಿ" ಅಂದ್ರು.

ಮೊದ್ಲು ಯಾವ ಮಾಡೆಲ್, ಯಾವ ಕಾಲದ್ದು ಅಂತ ನೋಡಿದೆ. ಇಲ್ಲಿ ತುಂಬಾ ಜನ ಬರ್ನರ್ ಮೇಲಿನ ಹೆಸರು ಓದಿ ತೀರ್ಮಾನ ಮಾಡ್ಬಿಡ್ತಾರೆ, ಅದನ್ನ ನಂಬ್ಬಾರ್ದು, ಯಾಕಂದ್ರೆ ಪ್ರೈಮಸ್, ಆಪ್ಟಿಮಸ್, ರೇಡಿಯಸ್ ಎಲ್ಲಾ ಸ್ವೀಡನ್ನಿನವೇ, ಒಂದರ ಬರ್ನರ್ ಇನ್ನೊಂದಕ್ಕೆ ಕೂತ್ಕೊಳ್ಳುತ್ತೆ, ಇಷ್ಟು ವರ್ಷದಲ್ಲಿ ಯಾರು ಯಾವ್ದನ್ನ ಬದಲಾಯಿಸಿದಾರೋ. ಟ್ಯಾಂಕ್ ನೋಡ್ಬೇಕು. ನನ್ನದರ ಮೇಲೆ 96 ಅನ್ನೋ ನಂಬರ್ ಇತ್ತು, ಅಂದ್ರೆ ಅರ್ಧ ಪಿಂಟ್, ಸುಮಾರು ಕಾಲು ಲೀಟರ್ ಎಣ್ಣೆ ಹಿಡಿಯೋ ಪ್ರಯಾಣದ ಸ್ಟೌ. ಜೊತೆಗೆ ಬಿ.ಎ. ಯೋರ್ಟ್ ಅಂಡ್ ಕೋ ಅನ್ನೋ ಕಂಪನಿ ಹೆಸರಿತ್ತು. ಆ ಕಂಪನಿ 1954ರಲ್ಲಿ ಬಾಹ್ಕೊ ಅಂತ ಹೆಸರು ಬದಲಾಯಿಸ್ಕೊಳ್ತು, ಹಂಗಾಗಿ ನನ್ನದು ಅದಕ್ಕಿಂತ ಹಿಂದಿನದು. 1962ರಲ್ಲಿ ಸೀಮೆಎಣ್ಣೆ ಸ್ಟೌ ವ್ಯವಹಾರಾನೇ ಆಪ್ಟಿಮಸ್‌ಗೆ ಮಾರಿಬಿಟ್ರು. 1911ರಿಂದ ವರ್ಷಕ್ಕೊಂದು ಅಕ್ಷರಾನೂ ಹೊಡೀತಿದ್ರು, ಒಂಟಿ ಅಕ್ಷರ ಮುಗಿದ್ಮೇಲೆ ಜೋಡಿ ಅಕ್ಷರ. ನನ್ನದ್ರಲ್ಲಿ ಜೋಡಿ ಇದೆ, ಎರಡನೇದು ಸವೆದು ಅರ್ಧ ಮಾತ್ರ ಕಾಣುತ್ತೆ. ಅಂದಹಾಗೆ ಇದನ್ನ ಬಿಚ್ಚಕ್ಕೆ ನಾನು ಹಿಡ್ಕೊಂಡಿದ್ದ ಅಡ್ಜಸ್ಟಬಲ್ ಸ್ಪ್ಯಾನರೂ ಬಾಹ್ಕೊದೇ! ತೇನ್‌ಸಿಂಗ್, ಹಿಲರಿ 1953ರಲ್ಲಿ ಎವರೆಸ್ಟಿಗೆ ಪ್ರೈಮಸ್ ಒಯ್ದಿದ್ರು ಅನ್ನೋದನ್ನ ಮಾರೋರು ಹೇಳೇ ಹೇಳ್ತಾರೆ, ಅದಕ್ಕೆ ಸೋತು ಜಾಸ್ತಿ ಕೊಡ್ಬೇಡಿ.

ರಿಪೇರಿ ಅಂದ್ರೆ ಗಾಳಿ ಸೋರದಂಗೆ ಮಾಡೋದು, ಅಷ್ಟೇ. ಟ್ಯಾಂಕಲ್ಲಿ ಗಾಳಿ ಒತ್ತಡ ಉಳಿದ್ರೆ ಎಣ್ಣೆ ಮೇಲಕ್ಕೇರಿ, ಕಾದ ಬರ್ನರಲ್ಲಿ ಆವಿಯಾಗಿ, ನಿಪ್ಪಲ್ಲಿನ ಸಣ್ಣ ತೂತಿಂದ ನುಗ್ಗಿ ನೀಲಿಯಾಗಿ ಉರಿಯುತ್ತೆ. ಪಂಪಿನ ಚರ್ಮದ ವಾಷರ್ ಒಣಗಿ ಸುರುಟ್ಕೊಂಡಿತ್ತು. ಊರಿಂದ ಬರೋ ಫ್ರೆಂಡ್ ಕೈಲಿ ಪಂಪ್ ಸ್ಟೌ ವಾಷರ್ ತರಿಸಿ, ಅಂಚನ್ನ ಬ್ಲೇಡಲ್ಲಿ ಸವರಿ, ರಾತ್ರಿಯೆಲ್ಲಾ ಎಣ್ಣೇಲಿ ನೆನೆಹಾಕಿ ಕೂರಿಸಿದೆ, ಈಗ ಪಂಪ್ ಒತ್ತಿದ್ರೆ ಕೈಗೆ ಬಿಗಿಯಾಗಿ ಎದುರು ನಿಲ್ಲುತ್ತೆ.

ತಲೆನೋವು ಅಂದ್ರೆ ಪಂಪಿನ ತಳದ ವಾಲ್ವ್, ಟ್ಯಾಂಕಿಗೆ ಹೋದ ಗಾಳಿ ವಾಪಸ್ ಬರದಂಗೆ ತಡೆಯೋದು. ಉದ್ದನೆ ಕೊಳವೆ ಆಳದಲ್ಲಿ ಕೂತಿರುತ್ತೆ, ಅದಕ್ಕೇ ಅಂತ ಬರೋ ಸ್ಪ್ಯಾನರ್ ಇಲ್ದೆ ಕೈ ಹಾಕಲೇಬೇಡಿ, ಒಂದ್ಸಲ ತಲೆ ಜಾರಿ ಸವೀತು ಅಂದ್ರೆ ಕಥೆ ಮುಗೀತು. ಎಣ್ಣೆಯೆಲ್ಲಾ ಖಾಲಿ ಮಾಡಿ, ತೊಳೆದು, ಮುಚ್ಚಳ ತೆಗೆದಿಟ್ಟು, ಪಂಪಿನ ಕೊಳವೆಗೆ ಕುದಿಯೋ ನೀರು ಹಾಕಿ ಬಿಸಿಯಾದ್ಮೇಲೆ ತಿರುಗಿಸಿದೆ, ಟಕ್ ಅಂತ ಬಿಡ್ತು. ಒಳಗೆ ಒಂದು ಚೂರು ಸ್ಪ್ರಿಂಗು, ಮೆಣಸಿನಕಾಳಿನಷ್ಟು ಕಾರ್ಕು, ಆ ಕಾರ್ಕಿನ ಮುಖದ ಮೇಲೆ ತೂತಿನ ಅಂಚು ಒತ್ತಿ ಒತ್ತಿ ದುಂಡಗೆ ಗೀರು ಬಿದ್ದಿತ್ತು, ಗಾಳಿ ವಾಪಸ್ ಬರ್ತಿದ್ದದ್ದು ಅಲ್ಲಿಂದಾನೇ. ಎಣ್ಣೆ ತಡೆಯೋ ವಿಟಾನ್ ರಬ್ಬರ್ ಅದೇ ಅಳತೆಗೆ ಕತ್ತರಿಸಿ ಹಾಕಿದೆ, ಕೆಳಗಿನ ಸೀಸದ ವಾಷರೂ ಹೊಸದು.

ಎಣ್ಣೆ ಹಾಕೋಕೆ ಮುಂಚೆ ಗಾಳಿ ತುಂಬಿ ಬಕೆಟ್ ನೀರಲ್ಲಿ ಮುಳುಗಿಸಿ ನೋಡ್ಬೇಕು, ಗುಳ್ಳೆ ಎಲ್ಲಿಂದ ಬಂದ್ರೆ ಅಲ್ಲಿ ಲೀಕು. ನನಗೆ ಮುಚ್ಚಳದಿಂದ ಬಂತು, ರಬ್ಬರ್ ಕಲ್ಲಾಗಿತ್ತು, ಬದಲಾಯಿಸಿದೆ. ಟ್ಯಾಂಕಿನ ಬೆಸುಗೆ ಬಿಟ್ಟಿದ್ರೆ ಅಥವಾ ಸೀಳಿದ್ರೆ ಮಾತ್ರ ಶೋಕೇಸಲ್ಲಿಡಿ, ಹಚ್ಚೋ ಆಸೆ ಬೇಡ.

ಹೊರಗಿನ ಕಿಲುಬಿಗೆ ಹುಣಸೆಹಣ್ಣೇ ಸಾಕು. ಮೋಟರ್ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡ್ಸೋದು ನನಗೆ ಸುತರಾಂ ಇಷ್ಟ ಇಲ್ಲ, ಥಳಥಳ ಅನ್ನುತ್ತೆ ನಿಜ, ಆದ್ರೆ ವರ್ಷ ಹೇಳೋ ಅಕ್ಷರಾನೇ ಅಳಿಸಿಹೋಗುತ್ತೆ.

ಹಚ್ಚೋದು ಬಯಲಲ್ಲೇ. ಗಾಳಿ ಸ್ಕ್ರೂ ಸಡಿಲ ಬಿಟ್ಟು, ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ, ಅದು ಇನ್ನೇನು ಆರುತ್ತೆ ಅನ್ನುವಾಗ ಸ್ಕ್ರೂ ಬಿಗಿ ಮಾಡಿ ಮೆಲ್ಲಗೆ ಪಂಪ್ ಹೊಡೀಬೇಕು. ಹಳದಿ ಉರಿ ಎದ್ರೆ ಬರ್ನರ್ ಕಾದಿಲ್ಲ ಅಂತ, ತಕ್ಷಣ ಸ್ಕ್ರೂ ತೆಗೆದು ಗಾಳಿ ಬಿಟ್ಟು, ತಣ್ಣಗಾದ್ಮೇಲೆ ಮತ್ತೆ ಮೊದಲಿಂದ. ಇದಕ್ಕೆ ಪೆಟ್ರೋಲ್ ಮಾತ್ರ ಯಾವತ್ತೂ ಹಾಕ್ಬಾರ್ದು. ನನ್ನದು ನೀಲಿಗೆ ತಿರುಗಿದ್ರೂ ಒಂದು ಕಡೆ ಉರಿ ಕುಂಟುತಿತ್ತು, ಆರಿಸಿ ನಿಪ್ಪಲ್ಲಿಗೆ ಪಿನ್ ಹಾಕಿ ತೂತು ಬಿಡಿಸಿದ್ಮೇಲೆ ಸುತ್ತಲೂ ಸಮವಾಗಿ ಬಂತು. ಅಮ್ಮಂಗೆ ಸದ್ದು ಕೇಳ್ಸಿದೆ, "ಪಿನ್ನು ಒಂದು ಡಜನ್ ಇಟ್ಕೋ, ಮುರೀತಾವೆ" ಅಂದ್ರು.