ನೆರೆಯವರ ಬಿಲ್ಲು ನನ್ನ ಕೈಗೆ ಒಗ್ಗಿದ ಬಗೆ

ಎರಡು ತುದಿಗಳಲ್ಲಿ ಚಕ್ರಗಳಿರುವ ಆಧುನಿಕ ಕಾಂಪೌಂಡ್ ಬಿಲ್ಲನ್ನು ಒಬ್ಬರ ಮೈಯಳತೆಗೆ ಹೊಂದಿಸಿರುತ್ತಾರೆ. ಅದು ಕೈ ಬದಲಾದರೆ ಮೊದಲು ಅಳತೆಯೂ ಬದಲಾಗಬೇಕು; ಬೇಟೆಯ ಮಾತು ಆಮೇಲೆ. ಉಚಿತವಾಗಿ ಬಂದ ಬಿಲ್ಲನ್ನು ಹಿಡಿದು ನೇರವಾಗಿ ಕಾಡಿಗೆ ಹೊರಡಲು ಆತುರಪಡುವವರಿಗೆ ನಾನು ಹೇಳುವುದು ಇದನ್ನೇ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹುಟ್ಟಿದ್ದು ಸಕಲೇಶಪುರದ ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎಷ್ಟೋ ವರ್ಷಗಳ ನಂತರ. ಹಾಗಾಗಿ ಶಿಕಾರಿಯೆಂದರೆ ಅಜ್ಜನ ಬಾಯಿಂದ ಕೇಳಿದ ಕೋವಿಯ ಕಥೆಗಳಷ್ಟೇ. ಇಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಕಾನೂನೇ ದಾರಿ ಮಾಡಿಕೊಟ್ಟಿದೆ. ಬಿಲ್ಲಿನ ಋತು ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗುತ್ತದೆ. 1973ರ ಜನವರಿ 1ರಿಂದೀಚೆಗೆ ಹುಟ್ಟಿದವರು ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ ಪರವಾನಗಿ ಪಡೆಯಬೇಕು. ಆ ತರಬೇತಿ ಮುಗಿಸಿದ ವರ್ಷವೇ ನೆರೆಮನೆಯ ಹಿರಿಯರೊಬ್ಬರು, ಭುಜದ ನೋವಿನಿಂದ ಇನ್ನು ಎಳೆಯಲಾಗದೆಂದು, ತಮ್ಮ ಬಿಲ್ಲನ್ನು ನನಗೆ ಕೊಟ್ಟರು.

ಅವರು ಆರಡಿ ಮೀರಿದ ಆಳು. ಎರಡೂ ತೋಳು ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಬಿಲ್ಲಿಗೆ ಬೇಕಾದ ಸೆಳೆತದ ಉದ್ದ, ಅಂದರೆ ಹೆದೆಯನ್ನು ಎಷ್ಟು ಹಿಂದಕ್ಕೆ ಎಳೆಯಬೇಕೆಂಬ ಅಳತೆ, ಅಂದಾಜಿಗೆ ಸಿಗುತ್ತದೆ. ಅವರದು 30 ಇಂಚು, ನನ್ನದು 27. ಮೂರು ಇಂಚು ಹೆಚ್ಚಾದರೆ ಹೆದೆ ಕೆನ್ನೆಯ ಹಿಂದಕ್ಕೆ ಹೋಗುತ್ತದೆ, ಬಿಲ್ಲು ಹಿಡಿದ ಮೊಣಕೈ ಬಿಗಿಯುತ್ತದೆ, ಬಿಟ್ಟ ಹೆದೆ ಮುಂಗೈಗೆ ಬಾರಿಸುತ್ತದೆ. ಬಿಲ್ಲಿನಂಗಡಿಯಲ್ಲಿ ಬಿಲ್ಲಿನ ತುದಿಯ ಕ್ಯಾಮ್ ಎಂಬ ಚಕ್ರದ ಮೇಲಿನ, ಸೆಳೆತದ ಉದ್ದ ನಿರ್ಧರಿಸುವ ಮಾಡ್ಯೂಲ್ ಎಂಬ ಬಿಡಿಭಾಗವನ್ನು ಬದಲಿಸಿ 27ಕ್ಕೆ ತಂದರು. ಎಲ್ಲ ಹಳೆಯ ಬಿಲ್ಲುಗಳಲ್ಲೂ ಇದು ಆಗುವುದಿಲ್ಲ. ಕೆಲವದರಲ್ಲಿ ಕ್ಯಾಮ್ ಅನ್ನೇ ಬದಲಿಸಬೇಕಾಗುತ್ತದೆ. ಅದಕ್ಕಾಗುವ ಖರ್ಚನ್ನು ವಿಚಾರಿಸಿಕೊಂಡೇ ಮುಂದುವರಿಯುವುದು ಒಳ್ಳೆಯದು.

ಎಳೆಯುವ ಭಾರವನ್ನು 60 ಪೌಂಡಿನಿಂದ 50ಕ್ಕೆ ಇಳಿಸಿಕೊಂಡೆ. ಬಿಲ್ಲಿನ ಮೇಲಿನ ಮತ್ತು ಕೆಳಗಿನ ತೋಳುಗಳ (ಬಾಗುವ ಪಟ್ಟಿಗಳ) ಬೋಲ್ಟ್‌ಗಳನ್ನು ಸಮನಾಗಿ ಸಡಿಲಿಸಿದರೆ ಆಯಿತು. ಜಿಂಕೆಗೆ ವಿಸ್ಕಾನ್ಸಿನ್ ಕಾನೂನು ಕೇಳುವುದು ಕನಿಷ್ಠ 30 ಪೌಂಡ್. ಕುಳಿತಲ್ಲೇ, ಚಳಿಯಲ್ಲಿ, ಬಿಲ್ಲನ್ನು ಆಕಾಶದತ್ತ ಎತ್ತದೆ ನಿಧಾನವಾಗಿ ಎಳೆಯಲು ಎಷ್ಟು ಭಾರ ಸಾಧ್ಯವೋ ಅಷ್ಟೇ ಸರಿಯಾದ ಭಾರ. ಕ್ಯಾಮ್ ಪೂರ್ತಿ ಹೊರಳಿದ ಮೇಲೆ ಭಾರದ ಮುಕ್ಕಾಲು ಪಾಲು ಕಳೆದು, ಬೆರಳಿಗೆ ಉಳಿಯುವುದು 12 ಪೌಂಡಿನ ಆಸುಪಾಸು. 1960ರ ದಶಕದಲ್ಲಿ ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್ ಕಂಡುಹಿಡಿದ ಈ ಉಪಾಯವನ್ನು ಪ್ರತಿ ಸಲ ಎಳೆದಾಗಲೂ ಮನಸ್ಸಿನಲ್ಲೇ ಮೆಚ್ಚುತ್ತೇನೆ.

ಹಳೆಯ ಬಿಲ್ಲಿನ ಅಪಾಯಗಳು ಕಣ್ಣಿಗೆ ಬೀಳುವುದಿಲ್ಲ. ಹತ್ತಿಯ ಉಂಡೆಯನ್ನು ಬಿಲ್ಲಿನ ತೋಳುಗಳ ಉದ್ದಕ್ಕೂ ಸವರಿದೆ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆಯೆಂದು ಅರ್ಥ. ಹೆದೆ ಮತ್ತು ಕೇಬಲ್‌ಗಳು ರೋಮವೆದ್ದಿದ್ದವು, ಅವುಗಳನ್ನು ಪೂರ್ತಿ ಬದಲಿಸಿದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಎಂಬ ಸಾಧನವಿಲ್ಲದೆ ಬಿಚ್ಚಿದರೆ ಬಿಲ್ಲು ಸಿಡಿಯುತ್ತದೆ. ಬಾಣವಿಲ್ಲದೆ ಹೆದೆ ಬಿಡುವುದಂತೂ ಬೇಡವೇ ಬೇಡ. ಅವರು ಕೊಟ್ಟ ಬಾಣಗಳು ನನ್ನ ಸೆಳೆತಕ್ಕೆ ಉದ್ದವಾಗಿದ್ದವು, ಕಾರ್ಬನ್ ದಂಡಗಳಲ್ಲಿ ಕೆಲವನ್ನು ಬಗ್ಗಿಸಿದಾಗ ಚಟಚಟ ಸದ್ದು ಬಂತು. ಅವನ್ನು ಮುರಿದು ಎಸೆದು, ನನ್ನ ಬಿಲ್ಲಿಗೆ ಒಪ್ಪುವ ಬಿಗುವಿನ, 400 ಗ್ರೇನ್ (ಸುಮಾರು 26 ಗ್ರಾಂ) ದಾಟಿದ ತೂಕದ ಹೊಸ ಬಾಣಗಳನ್ನು ತಂದೆ. ಮೊನೆಗೆ ಮಡಚದ, ಗಟ್ಟಿ ಅಲಗಿನವನ್ನೇ ಆರಿಸಿದೆ. ಕಡಿಮೆ ಭಾರದ ಬಿಲ್ಲಿಗೆ ಅವೇ ನಂಬಿಕೆಗೆ ಅರ್ಹ.

ಅಭ್ಯಾಸವನ್ನು ಐದು ಗಜದಿಂದ, ಕಣ್ಣು ಮುಚ್ಚಿ ಶುರುಮಾಡಿದೆ. ಗುರಿಯ ಹಂಗಿಲ್ಲದಾಗ ಬೆನ್ನಿನ ಸ್ನಾಯುಗಳು ಎಳೆಯುವುದನ್ನು ಕಲಿಯುತ್ತವೆ, ಹೆಬ್ಬೆರಳು ದವಡೆಯ ಅದೇ ಮೂಲೆಗೆ ಬಂದು ನಿಲ್ಲುತ್ತದೆ. ಆಮೇಲೆ 20 ಗಜ. ಅಲ್ಲಿಗೇ ನಿಂತೆ, ಅದಕ್ಕೆ ಕಾರಣವಿದೆ. ನನ್ನ ಬಾಣ ಸೆಕೆಂಡಿಗೆ ಸುಮಾರು 70 ಮೀಟರ್ ಹೋಗುತ್ತದೆ, ಹೆದೆಯ ಸದ್ದು 340 ಮೀಟರ್. 20 ಗಜದಲ್ಲಿ ಬಾಣ ತಲುಪಲು ಕಾಲು ಸೆಕೆಂಡು, 40ರಲ್ಲಿ ಅರ್ಧ ಸೆಕೆಂಡು. ಸದ್ದು ಮೊದಲು ಮುಟ್ಟಿದಾಗ ಬೆಚ್ಚಿದ ಜಿಂಕೆ ಓಡಲೆಂದು ಮೈ ಕುಗ್ಗಿಸುತ್ತದೆ, ಶ್ವಾಸಕೋಶಕ್ಕಿಟ್ಟ ಬಾಣ ಬೆನ್ನಿಗೆ ಬೀಳುತ್ತದೆ. ಹಿತ್ತಲಿನಲ್ಲಿ 40 ಗಜದಿಂದ ಹೊಡೆಯುತ್ತೇನೆಂಬ ಹೆಮ್ಮೆಗೆ ಒಂದು ಪ್ರಾಣಿ ದಿನಗಟ್ಟಲೆ ನರಳಬಾರದು.

ಪರಿಚಯದ ರೈತರೊಬ್ಬರ ಒಪ್ಪಿಗೆ ಪಡೆದು ಅವರ ಮೆಕ್ಕೆಜೋಳದ ಹೊಲದಂಚಿನ ಓಕ್ ಮರಕ್ಕೆ ಅಟ್ಟಣೆ ಕಟ್ಟಿದೆ. ನೆಲ ಬಿಡುವ ಮೊದಲೇ ಮೈಗೆ ಸುರಕ್ಷಾ ಪಟ್ಟಿ. ಬಿಲ್ಲನ್ನು ಹಗ್ಗದಿಂದ ಆಮೇಲೆ ಎಳೆದುಕೊಳ್ಳುವುದು. ಗಾಳಿ ನನ್ನಿಂದ ಜಿಂಕೆಯ ದಾರಿಯತ್ತ ಬೀಸುವ ದಿನ ಮರ ಹತ್ತುತ್ತಿರಲಿಲ್ಲ. ಎಷ್ಟೋ ಸಂಜೆ ಜಿಂಕೆಗಳು ಎದುರುಮುಖವಾಗಿ ನಿಂತವು. ಎದುರಿನಿಂದ ಎದೆಗೂಡು ಕಿರಿದು, ಹಾಗಾಗಿ ಬಿಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಒಂದು ಹೆಣ್ಣು ಜಿಂಕೆ 15 ಗಜದಲ್ಲಿ, ಪಕ್ಕೆ ತೋರಿಸಿ, ತುಸು ಆಚೆ ಮುಖಮಾಡಿ ನಿಂತಿತು. ಸೊಂಟದಿಂದ ಬಾಗಿ ಗುರಿ ಹಿಡಿದು, ಮುಂಗಾಲಿನ ಹಿಂದಕ್ಕೆ ಬಾಣ ಬಿಟ್ಟೆ.

ಬಾಣ ಆರುಪಾರಾಗಿ ನೆಲಕ್ಕೆ ನಾಟಿತ್ತು. ಅದರ ಮೇಲೆ ನೊರೆಗೂಡಿದ ತಿಳಿಗೆಂಪು ರಕ್ತ, ಅಂದರೆ ಶ್ವಾಸಕೋಶ. ಕಪ್ಪುಗೆಂಪಾಗಿದ್ದರೆ ಯಕೃತ್ತು, ಹಸಿರು ಬಣ್ಣ, ದುರ್ವಾಸನೆ ಇದ್ದರೆ ಕರುಳು, ಆಗ ಹಲವು ಗಂಟೆ ಕಾಯಬೇಕು. ಅರ್ಧ ಗಂಟೆ ಮರದಲ್ಲೇ ಕುಳಿತು, ಆಮೇಲೆ ರಕ್ತದ ಜಾಡು ಹಿಡಿದೆ. ಮೆಕ್ಕೆಜೋಳದ ಹೊಲ ದಾಟುವ ಮೊದಲೇ ಅದು ಬಿದ್ದಿತ್ತು. ಪಕ್ಕದಲ್ಲಿ ಕುಳಿತು ಅದರ ಕುತ್ತಿಗೆ ಸವರಿದೆ, ಕಣ್ಣು ತುಂಬಿ ಬಂತು.

ಮರುದಿನ ಸಂಜೆ 5ರೊಳಗೆ ನೋಂದಣಿ ಮಾಡಿಸಬೇಕೆಂಬ ನಿಯಮವಿದೆ. ಈ ರಾಜ್ಯದ ಜಿಂಕೆಗಳಲ್ಲಿ 2002ರಲ್ಲಿ ಪತ್ತೆಯಾದ, ಮೆದುಳು ಕೆಡಿಸಿ ಮೈ ಸೊರಗಿಸುವ ರೋಗ ಈಗಲೂ ಇರುವುದರಿಂದ ಪರೀಕ್ಷೆಗೆ ಮಾದರಿಯನ್ನೂ ಕೊಟ್ಟೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇತ್ತು. ರೋಗವಿಲ್ಲವೆಂದು ತಿಳಿದ ಮೇಲೆ ಮೆಣಸು, ಕೊತ್ತಂಬರಿ ಹುರಿದು ಅರೆದು ಸಾರು ಮಾಡಿದೆವು. ಜಿಂಕೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಎಣ್ಣೆ ಧಾರಾಳವಾಗಿರಲಿ, ಉರಿ ಸಣ್ಣಗಿರಲಿ. ಮೊದಲ ಪಾತ್ರೆ ನೆರೆಮನೆಯ ಹಿರಿಯರಿಗೆ ಹೋಯಿತು.