ಮೀನಿಗಿಂತ ಮೊದಲು ಮರಳು ತೊಳೆಯಿರಿ

ಬೆಳಿಗ್ಗೆ ಕುಶಾಲನಗರದಿಂದ ಗಾಜಿನ ತೊಟ್ಟಿ ತರುತ್ತಾರೆ, ಮಧ್ಯಾಹ್ನ ನಲ್ಲಿ ನೀರು ಸುರಿಯುತ್ತಾರೆ, ಸಂಜೆ ಚೀಲದಿಂದ ಎಂಟು ಮೀನು ಬಿಡುತ್ತಾರೆ. ವಾರದೊಳಗೆ ಮೀನು ಹೊಟ್ಟೆ ಮೇಲಾಗಿ ತೇಲಿದರೆ ಅಂಗಡಿಯವನಿಗೆ ಶಾಪ. ನಮ್ಮ ಮನೆಯಲ್ಲೇ ಮೊಮ್ಮಗ ಎರಡು ಸಲ ಹೀಗೆ ಮಾಡಿ, ಎರಡು ಸಲವೂ ಕಿತ್ತಳೆ ಗಿಡದ ಬುಡದಲ್ಲಿ ಮೀನು ಹೂತ. ಮೂರನೆಯ ಸಲ ತೊಟ್ಟಿಯನ್ನು ನಾನೇ ಸಿದ್ಧಮಾಡಿದೆ. ಅಜ್ಜಿಗೇನು ಗೊತ್ತು ಎಂದು ನಕ್ಕ. ನಗಲಿ.

ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರದ ತೊಟ್ಟಿಯೂ ತುಂಬಿದರೆ 50 ಕಿಲೋ ದಾಟುತ್ತದೆ. ಅಲುಗಾಡುವ ಸ್ಟೂಲು ಬೇಡ, ಅಡಿಗೆ ಥರ್ಮಾಕೋಲ್ ಹಾಳೆ ಇರಲಿ, ನೇರ ಬಿಸಿಲು ಬೀಳುವ ಕಿಟಕಿಯಿಂದ ದೂರವಿರಲಿ. ಸೋಪು ಮುಟ್ಟಿಸಬೇಡಿ. ಬಕೆಟ್ಟಿನ ವಿಷಯವಂತೂ ತೋಟವಿರುವವರು ಕಿವಿಗೊಟ್ಟು ಕೇಳಬೇಕು. ಕಾಳುಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ಕದಡಿದ ಬಕೆಟ್ಟನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮ ಬಾವಿಯ ನೀರಿನಂಥ ಮೆದು ನೀರಿನಲ್ಲಿ ಅದರ ಪೆಟ್ಟು ಇನ್ನೂ ಜೋರು. ಹೊಸ ಬಕೆಟ್ ಒಂದನ್ನು ಬೇರೆಯಾಗಿಯೇ ಇಡಿ.

ಈಗ ಮರಳು. ಇಲ್ಲಿ ನನಗೆ ಅವಸರದವರನ್ನು ಕಂಡರೆ ಆಗುವುದಿಲ್ಲ. ಎಂ ಸ್ಯಾಂಡ್ ಬೇಡ, ಅದರಲ್ಲಿ ಕಲ್ಲಿನ ಹಿಟ್ಟೇ ಹೆಚ್ಚು. ಹೊಳೆಯ ದಪ್ಪ ಮರಳು ಸಿಕ್ಕರೆ ಮೊದಲು ಒಂದು ಚಿಟಿಕೆಯ ಮೇಲೆ ನಿಂಬೆಹಣ್ಣು ಹಿಂಡಿ. ಬುಸ್ಸೆಂದು ನೊರೆ ಎದ್ದರೆ ಸುಣ್ಣದ ಅಂಶವಿದೆ, ನೀರನ್ನು ಗಡಸು ಮಾಡುತ್ತದೆ, ಬಿಟ್ಟುಬಿಡಿ. (ಪಂದಿಕರಿಗೆ ಇಟ್ಟಿದ್ದ ಕಾಚಂಪುಳಿ ಎಂಬ ಹುಳಿರಸವನ್ನು ಮೊಮ್ಮಗ ಇದಕ್ಕೆ ತೆಗೆದಿದ್ದ. ಆ ಬೈಗುಳ ಬೇರೆ.) ಆಮೇಲೆ ಒಂದು ಸಲಕ್ಕೆ ಎರಡು ಬೊಗಸೆಯಷ್ಟೇ ಅಗಲದ ಪಾತ್ರೆಗೆ ಹಾಕಿ, ನೀರು ತುಂಬಿ, ಅಂಗೈಯನ್ನು ತಳಕ್ಕೆ ಇಳಿಸಿ ಅಡಿಯಿಂದ ಮೇಲಕ್ಕೆ ತಿರುವಿ. ನೀರು ಚಹಾದ ಬಣ್ಣಕ್ಕೆ ಬರುತ್ತದೆ. ಮರಳು ಕೂರುವಷ್ಟು, ಅಂದರೆ ಎರಡು ಉಸಿರಿನಷ್ಟು, ತಡೆದು ಪಾತ್ರೆ ವಾಲಿಸಿ ಕೆಸರನ್ನು ಮಾತ್ರ ಚೆಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನಗೆ ಅಕ್ಕಿ ಜಾಲಿಸಲು ಕಲಿಸಿದ್ದು ಇದೇ ಕೈಯಲ್ಲಿ. ಅಲ್ಲಿ ಆಚೆಗೆ ಹೋಗುವ ಅಕ್ಕಿ ಬೇಕು, ಇಲ್ಲಿ ಅಡಿಯಲ್ಲಿ ಉಳಿಯುವ ಮರಳೇ ಬೇಕು, ಅಷ್ಟೇ ವ್ಯತ್ಯಾಸ. ಅಕ್ಕಿಗೆ ಮೂರು ನೀರು ದಾಟಿದರೆ ಅತ್ತೆ ಬೈಯುತ್ತಿದ್ದರು. ಮರಳಿಗೆ ಹನ್ನೆರಡಾದರೂ ನಿಲ್ಲಿಸಬೇಡಿ. ಸಾಕಾಯಿತೇ ಎಂದು ನೋಡಲು ಗಾಜಿನ ಲೋಟಕ್ಕೆ ಒಂದು ಹಿಡಿ ಮರಳು ಹಾಕಿ, ನೀರು ತುಂಬಿಸಿ, ಚಮಚದಿಂದ ಕಲಕಿ. ಹಿಂದೆ ಪತ್ರಿಕೆ ಹಿಡಿದು ವಧೂವರರ ಜಾಹೀರಾತಿನ ಸಣ್ಣ ಅಕ್ಷರ ಓದಿ. ಓದಲು ಬಂದರೆ ಆ ಪಾತ್ರೆ ಮುಗಿಯಿತು, ಮುಂದಿನ ಎರಡು ಬೊಗಸೆ ತೆಗೆದುಕೊಳ್ಳಿ. ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಸೊಂಟ ಎರಡು ದಿನ ಹಿಡಿದುಕೊಂಡಿತ್ತು.

ಮರಳು ಹರಡಿದ ಮೇಲೆ ನಡುವೆ ಒಂದು ಊಟದ ತಟ್ಟೆ ಇಟ್ಟು, ತಟ್ಟೆಯ ಮೇಲೆಯೇ ನೀರು ಸುರಿಯಿರಿ, ಇಲ್ಲದಿದ್ದರೆ ಹಳ್ಳ ಬೀಳುತ್ತದೆ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ಹಗಲು ಒಂದು ರಾತ್ರಿ ತೆರೆದ ಬಕೆಟ್ಟಿನಲ್ಲಿಡಿ. ಗಿಡ ನೆಡಿ, ಫಿಲ್ಟರ್ ಹಚ್ಚಿ.

ಮೀನು? ಇನ್ನೂ ಇಲ್ಲ. ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ಕೇಡಿಲ್ಲ, ಗಿಡ ಹೀರಿಕೊಳ್ಳುತ್ತದೆ. ಈ ಎರಡು ಬಳಗ ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮಳೆಗಾಲದ ಕಕ್ಕಡ ತಿಂಗಳ ಚಳಿಯಲ್ಲಿ ಇನ್ನೂ ಹೆಚ್ಚು. ಆ ಮಳೆಯಲ್ಲಿ ಇಡ್ಲಿ ಹಿಟ್ಟೇ ಎರಡು ದಿನವಾದರೂ ಹುಳಿಯಾಗುವುದಿಲ್ಲವಲ್ಲ, ಹಾಗೆ. (ಅದಕ್ಕೆ ಸೋಡಾ ಹಾಕುವವರಿದ್ದಾರೆ. ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಲು ಏನು ಕಷ್ಟ?) ತೊಟ್ಟಿಗೆ ಕಂಬಳಿ ಆಗದು, ಹೀಟರ್ ಹಾಕಿ. ಆರೋಗ್ಯವಾದ ಹಳೆಯ ತೊಟ್ಟಿಯಿರುವ ಪರಿಚಿತರಿಂದ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿದರೆ ಹಾಲಿಗೆ ಹೆಪ್ಪು ಹಾಕಿದಂತೆ, ದಿನಗಳು ಕಡಿಮೆಯಾಗುತ್ತವೆ.

ಮೂರನೆಯ ನಾಲ್ಕನೆಯ ದಿನ ನೀರು ಅಕ್ಕಿಗಂಜಿಯ ಹಾಗೆ ಬೆಳ್ಳಗಾದೀತು. ಎಲ್ಲರೂ ಗಾಬರಿಯಾಗಿ ನೀರು ಚೆಲ್ಲುವುದು ಆಗಲೇ. ಚೆಲ್ಲಬೇಡಿ, ತಾನೇ ತಿಳಿಯಾಗುತ್ತದೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾವೂ ನೈಟ್ರೈಟೂ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಒಂದಷ್ಟು ನೀರು ಬದಲಿಸಿ, ಎರಡೋ ಮೂರೋ ಮೀನು ತನ್ನಿ. ಎಂಟಲ್ಲ.

ನಮ್ಮ ತೊಟ್ಟಿಗೆ ಗಪ್ಪಿ ಬಂದದ್ದು ಏಳನೆಯ ವಾರ. ಹದಿನೈದು ದಿನವಾದ ಮೇಲೆ ಮೊಮ್ಮಗ ಫಿಲ್ಟರಿನ ಸ್ಪಂಜು ಕೊಳಕಾಯಿತೆಂದು ನಲ್ಲಿಯ ಕೆಳಗೆ ಹಿಡಿಯಲು ಹೊರಟಿದ್ದ. ಅದರಲ್ಲಿ ನೆಲೆಯೂರಿದ ಬ್ಯಾಕ್ಟೀರಿಯಾ ಹಾಳಾದೀತೆಂದು ಕೈಯಿಂದ ಕಿತ್ತುಕೊಂಡು, ತೊಟ್ಟಿಯದೇ ನೀರು ಒಂದು ಬಕೆಟ್ ತೆಗೆದು, ಅದರಲ್ಲಿ ಎರಡು ಸಲ ಹಿಂಡಿ ವಾಪಸು ಹಾಕಿದೆ. ಆ ಕಂದು ನೀರನ್ನು ಆಂಥೂರಿಯಂ ಕುಂಡಗಳಿಗೆ ಸುರಿಯಲು ಅವನನ್ನೇ ಕಳುಹಿಸಿದೆ.